ನಾಝಲ್ ಅರ್ಧಕ್ಕೇ ಕಟ್ ಆಗ್ತಿದೆಯಾ? ಮೊದಲು ಮೀಟರ್ ನೋಡಿ, ಆಮೇಲೆ ಬ್ರೀದರ್

ಸಂಡೂರು ಕಡೆಯ ಮೈನ್ಸ್‌ಗಳಲ್ಲಿ ಡೀಸೆಲ್ ಬೌಸರ್ (ಮಷೀನ್ ನಿಂತಲ್ಲಿಗೇ ಹೋಗಿ ಡೀಸೆಲ್ ತುಂಬುವ ಟ್ಯಾಂಕರ್) ರಿಪೇರಿ ನನ್ನ ಕೆಲಸ. ಪಂಪು, ಹೋಸ್, ಮೀಟರ್, ನಾಝಲ್ ಎಲ್ಲ ನೋಡುತ್ತೇನೆ. ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಕೇಳುವ ಮಾತು ಒಂದೇ: “ಅಣ್ಣಾ, ನಾಝಲ್ ಹೋಗೈತಿ, ಹೊಸಾದು ತಗಂಡು ಬರ್ರಿ.” ಹೋಗಿ ನೋಡಿದರೆ ಬಹಳ ಸಲ ನಾಝಲ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಕೆಟ್ಟಿರುವುದು ಮಷೀನಿನ ಟ್ಯಾಂಕ್ ಮೇಲೆ ಕೂತ ಬ್ರೀದರ್, ಅಂದರೆ ಟ್ಯಾಂಕಿಗೆ ಗಾಳಿ ಹೋಗಿ ಬರುವ ದಾರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಸ್ಪಾನರ್ ಬೀಳುವುದು ನಾಝಲ್ ಮೇಲೆ.

ಇಲ್ಲಿ ಹೇಳುತ್ತಿರುವುದು ಎಕ್ಸ್‌ಕವೇಟರ್, ಡಂಪರ್, ಡೋಜರ್‌ಗಳಿಗೆ ಡೀಸೆಲ್ ತುಂಬುವ ಸೀಲ್ಡ್ ನಾಝಲ್ ಬಗ್ಗೆ. ಫಾಸ್ಟ್ ಫಿಲ್ ನಾಝಲ್ ಅಂತಲೂ ಕರೆಯುತ್ತಾರೆ. ಪೆಟ್ರೋಲ್ ಬಂಕಿನ ನಾಝಲ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದು ತಲೆಗೆ ಹೋದರೆ ಅರ್ಧ ರಿಪೇರಿ ಮುಗಿದ ಹಾಗೆ.

ಬಂಕಿನ ನಾಝಲ್ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಎಣ್ಣೆ ಹರಿಯುವಾಗ ಆ ತೂತಿನಿಂದ ಗಾಳಿ ಎಳೆದುಕೊಳ್ಳುತ್ತಲೇ ಇರುತ್ತದೆ. ಟ್ಯಾಂಕ್ ತುಂಬಿ ಎಣ್ಣೆ ಆ ತೂತನ್ನು ಮುಚ್ಚಿದ ಕೂಡಲೇ ಗಾಳಿ ನಿಲ್ಲುತ್ತದೆ. ಒಳಗಿನ ಡಯಾಫ್ರಾಮ್ (ತೆಳು ಪೊರೆ) ಎಳೆದುಕೊಂಡು ವಾಲ್ವ್ ಟಕ್ ಅಂತ ಮುಚ್ಚುತ್ತದೆ. ಅಂದರೆ ಅದು ತನ್ನ ತುದಿಯಿಂದಲೇ ಮಟ್ಟ ತಿಳಿದುಕೊಳ್ಳುತ್ತದೆ.

ಸೀಲ್ಡ್ ನಾಝಲ್ ಟ್ಯಾಂಕಿನ ಒಳಗೆ ಹೋಗುವುದೇ ಇಲ್ಲ. ಟ್ಯಾಂಕಿಗೆ ಕೂರಿಸಿದ ರಿಸೀವರ್‌ಗೆ ಕಚ್ಚಿಕೊಳ್ಳುತ್ತದೆ. ಎರಡರಲ್ಲೂ ಒಂದೊಂದು ಪಾಪೆಟ್ ವಾಲ್ವ್ (ಬಾಯಿ ಮುಚ್ಚುವ ಬಿಲ್ಲೆ). ಸರಿಯಾಗಿ ಕಚ್ಚಿಕೊಂಡ ಮೇಲೆ ಮಾತ್ರ ಎರಡೂ ತೆರೆಯುತ್ತವೆ. ಬಿಡಿಸುವಾಗ ಎರಡೂ ಮುಚ್ಚಿಕೊಂಡ ಮೇಲೆಯೇ ಬೇರೆಯಾಗುತ್ತವೆ. ಹಾಗಾಗಿ ಹೊರಗೆ ಎಣ್ಣೆ ಚೆಲ್ಲುವುದಿಲ್ಲ, ಒಳಗೆ ಧೂಳು ಹೋಗುವುದಿಲ್ಲ. ಕಬ್ಬಿಣದ ಅದಿರಿನ ಧೂಳು ಹಾರುವ ನಮ್ಮ ಜಾಗಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಬಂಕಿನ ನಾಝಲ್‌ನಲ್ಲಿ 400 ಲೀಟರ್ ತುಂಬಲು ಎಂಟು ಹತ್ತು ನಿಮಿಷ ಹಿಡಿದರೆ, ನಿಮಿಷಕ್ಕೆ 300 ಲೀಟರ್ ಕೊಡುವ ಸೀಲ್ಡ್ ನಾಝಲ್‌ನಲ್ಲಿ ಒಂದೂವರೆ ನಿಮಿಷವೂ ಬೇಡ.

ಆದರೆ ಈ ನಾಝಲ್‌ಗೆ ಟ್ಯಾಂಕಿನ ಮಟ್ಟ ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ಒತ್ತಡ ಒಂದೇ. ಡೀಸೆಲ್ ಬರುವಾಗ ಟ್ಯಾಂಕಿನ ಗಾಳಿ ಬ್ರೀದರ್ ಮೂಲಕ ಹೊರಗೆ ಹೋಗುತ್ತಿರುತ್ತದೆ. ಮಟ್ಟ ಮೇಲೆ ಬಂದಾಗ ಬ್ರೀದರ್‌ನ ಫ್ಲೋಟ್ ಬಾಲ್ ತೇಲಿ ದಾರಿ ಮುಚ್ಚುತ್ತದೆ. ಮೇಲೆ ಉಳಿದ ಗಾಳಿ ಅಮುಕಿಕೊಳ್ಳುತ್ತದೆ. ಒತ್ತಡ ಸುಮಾರು 8ರಿಂದ 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆದಾಗ ನಾಝಲ್ ಒಳಗಿನ ಪಿಸ್ಟನ್ ಹಿಂದಕ್ಕೆ ತಳ್ಳಿಸಿಕೊಂಡು ಲ್ಯಾಚ್ ಬಿಡುತ್ತದೆ, ಲಿವರ್ ತಾನಾಗಿಯೇ ವಾಪಸ್ ಬರುತ್ತದೆ. ನಮ್ಮ ಗೇಜ್ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 0.55ರಿಂದ 0.7 ಕೆಜಿ. ಈ ಅಂಕಿ ನಾಝಲ್ ಮಾದರಿಗೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ, ನಿಮ್ಮದರ ಪುಸ್ತಕ ನೋಡಿಕೊಳ್ಳಿ.

ಹಾಗಾಗಿ “ತುಂಬಿತು” ಅಂತ ನಾಝಲ್‌ಗೆ ಹೇಳುವುದು ಬ್ರೀದರ್. ಅದು ತಪ್ಪು ಹೇಳಿದರೆ ನಾಝಲ್ ತಪ್ಪು ಮಾಡುತ್ತದೆ.

ಕೈ ಹಾಕುವ ಮುಂಚೆ

ಎಂಜಿನ್ ಆಫ್. ಬೌಸರ್ ಪಂಪು ಆಫ್. ಹೋಸ್‌ನಲ್ಲಿ ನಿಂತ ಒತ್ತಡ ಇಳಿಸದೆ ನಾಝಲ್ ಬಿಚ್ಚಬೇಡಿ. ಅರ್ತ್ ವೈರ್ ಹಾಕಿ. ಡ್ರೈ ಪೌಡರ್ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ಫಿಲ್ಲರ್ ಕ್ಯಾಪನ್ನು ಒಮ್ಮೆಗೇ ತಿರುಗಿಸಬೇಡಿ. ಕಾಲು ಸುತ್ತು ಬಿಟ್ಟು ನಿಲ್ಲಿ, ಸುಯ್ ಅನ್ನುವ ಸದ್ದು ನಿಲ್ಲಲಿ, ಆಮೇಲೆ ಪೂರ್ತಿ ತೆಗೆಯಿರಿ. ಒತ್ತಡ ಇರುವ ಟ್ಯಾಂಕಿನ ಕ್ಯಾಪ್ ಮುಖಕ್ಕೇ ಹಾರುತ್ತದೆ.

“ಡೀಸೆಲ್ ತಾನೇ, ಪೆಟ್ರೋಲ್ ಅಲ್ವಲ್ಲ” ಅನ್ನುವವರು ಬಹಳ ಜನ. ನಮ್ಮ ದೇಶದ ಡೀಸೆಲ್‌ಗೆ ಐಎಸ್ 1460 ಮಾನದಂಡದ ಪ್ರಕಾರ ಫ್ಲ್ಯಾಶ್ ಪಾಯಿಂಟ್ (ಆವಿ ಕಿಡಿಗೆ ಹೊತ್ತಿಕೊಳ್ಳುವ ಬಿಸಿ) ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಬಳ್ಳಾರಿಯಲ್ಲಿ ಏಪ್ರಿಲ್, ಮೇ ಬಂದರೆ ನೆರಳಲ್ಲೇ 40 ದಾಟುತ್ತದೆ. ಬಿಸಿಲಿಗೆ ಕಾದ ಟ್ಯಾಂಕಿನ ತಗಡು ಇನ್ನೂ ಬಿಸಿ. ಅಂದರೆ ಆ ಹೊತ್ತಿನಲ್ಲಿ ಟ್ಯಾಂಕಿನ ಬಾಯಿಂದ ಬರುವ ಆವಿಗೆ ಒಂದು ಕಿಡಿ ಸಾಕು ಅಂತಲೇ ತಿಳಿದು ಕೆಲಸ ಮಾಡಿ.

ಎಷ್ಟು ಲೀಟರಿಗೆ ಕಟ್ ಆಯಿತು?

ಫೋನ್ ಮಾಡಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು. ಹೆಚ್ಚಿನವರು “ಬೇಗ ಕಟ್ ಆಗ್ತದೆ” ಅಂತಷ್ಟೇ ಹೇಳುತ್ತಾರೆ. ಅದು ಸಾಲದು. ಬೌಸರ್ ಮೀಟರ್ ನೋಡಿ ಸರಿಯಾದ ಅಂಕಿ ಬರೆದುಕೊಳ್ಳಿ. ತುಂಬುವ ಮುಂಚೆ ಟ್ಯಾಂಕಿನಲ್ಲಿ ಎಷ್ಟಿತ್ತು ಅನ್ನುವುದೂ ಬೇಕು. ಯಾಕೆ ಅಂತ ಹೇಳುತ್ತೇನೆ.

400 ಲೀಟರ್ ಟ್ಯಾಂಕು, ಹೆಚ್ಚುಕಡಿಮೆ ಖಾಲಿ ಅಂದುಕೊಳ್ಳಿ. ಬ್ರೀದರ್ ಪೂರ್ತಿ ಕಟ್ಟಿಕೊಂಡಿದೆ. ಆಗಲೂ ನಾಝಲ್ ತಕ್ಷಣ ಕಟ್ ಆಗುವುದಿಲ್ಲ! ಒಳಗೆ 400 ಲೀಟರ್ ಗಾಳಿ ಇದೆ, ಅದು ಮೊದಲು ಅಮುಕಿಕೊಳ್ಳಬೇಕು. ಒತ್ತಡ 0.7 ಕೆಜಿ ತಲುಪಬೇಕಾದರೆ ಆ ಗಾಳಿ ಸುಮಾರು 240 ಲೀಟರಿಗೆ ಕುಗ್ಗಬೇಕು. ಅಷ್ಟರೊಳಗೆ 160 ಲೀಟರ್ ಡೀಸೆಲ್ ಒಳಗೆ ಬಂದಿರುತ್ತದೆ. ಲೆಕ್ಕ ಸುಲಭ: ಖಾಲಿ ಜಾಗದ ಸುಮಾರು ಶೇಕಡಾ 40ರಷ್ಟು ತುಂಬಿದಾಗ ಕಟ್ ಆದರೆ ಬ್ರೀದರ್ ಪೂರ್ತಿ ಮುಚ್ಚಿದೆ. ಟ್ಯಾಂಕು ಅರ್ಧ ಇದ್ದಿದ್ದರೆ, ಖಾಲಿ ಜಾಗ 200 ಲೀಟರ್, ಸುಮಾರು 80 ಲೀಟರಿಗೇ ಕಟ್.

ಇದೇ ಕಾರಣಕ್ಕೆ ಆಪರೇಟರ್‌ಗಳಿಗೆ ಗೊಂದಲ. ನಿನ್ನೆ 160ಕ್ಕೆ ಕಟ್ ಆಯಿತು, ಇವತ್ತು 80ಕ್ಕೆ. “ನಾಝಲ್ ದಿನಕ್ಕೊಂದು ಥರ ಮಾಡ್ತದೆ” ಅನಿಸುತ್ತದೆ. ನಾಝಲ್ ಎರಡು ದಿನವೂ ಒಂದೇ ಒತ್ತಡಕ್ಕೆ ಕಟ್ ಆಗಿದೆ.

ಈಗ ಎರಡನೇ ಪರೀಕ್ಷೆ. ಕಟ್ ಆದ ತಕ್ಷಣ ಲಿವರ್ ಮತ್ತೆ ಎತ್ತಿ ನೋಡಿ, ಒಂದೇ ಸಲ. ಅಲ್ಲೇ ಬಿದ್ದರೆ ಒತ್ತಡ ಒಳಗೆ ನಿಂತಿದೆ. ಐದು ನಿಮಿಷ ಬಿಟ್ಟು ಮತ್ತೆ ಎತ್ತಿ. ಇನ್ನೊಂದಿಷ್ಟು ಲೀಟರ್ ತೆಗೆದುಕೊಂಡರೆ ಬ್ರೀದರ್ ಪೂರ್ತಿ ಮುಚ್ಚಿಲ್ಲ, ನಿಧಾನಕ್ಕೆ ಗಾಳಿ ಬಿಡುತ್ತಿದೆ. ಐದು ನಿಮಿಷದ ಮೇಲೂ ಅಲ್ಲೇ ಬಿದ್ದರೆ ಪೂರ್ತಿ ಬಂದ್.

ಖಾಲಿ ಟ್ಯಾಂಕಿಗೆ ಹಿಡಿದ ಎರಡು ಮೂರು ಸೆಕೆಂಡಿನಲ್ಲೇ ಕಟ್ ಆದರೆ ಮಾತ್ರ ಬ್ರೀದರ್ ಬಿಟ್ಟು ಬೇರೆ ಕಡೆ ನೋಡಬೇಕು. ಅಷ್ಟು ಬೇಗ ಟ್ಯಾಂಕಿನಲ್ಲಿ ಒತ್ತಡ ಏರುವುದು ಸಾಧ್ಯವಿಲ್ಲ. ಆಗ ಅದೇ ನಾಝಲ್ ಪಕ್ಕದ ಮಷೀನಿಗೆ ಹಾಕಿ. ಅಲ್ಲೂ ಕಟ್ ಆದರೆ ತಪ್ಪು ಬೌಸರ್ ಕಡೆ: ಪಂಪಿನ ಬೈಪಾಸ್ ವಾಲ್ವ್ (ಹೆಚ್ಚಾದ ಒತ್ತಡ ವಾಪಸ್ ಬಿಡುವುದು) ಬಿಗಿ ಜಾಸ್ತಿಯಾಗಿ ಎಣ್ಣೆ ಗುದ್ದಿ ಬರುತ್ತಿದೆ, ಇಲ್ಲವೇ ನಾಝಲ್ ಒಳಗಿನ ಲ್ಯಾಚ್ ಸವೆದಿದೆ, ಸ್ಪ್ರಿಂಗ್ ಸೋತಿದೆ. ಪಕ್ಕದ ಮಷೀನಿನಲ್ಲಿ ಚೆನ್ನಾಗಿ ನಡೆದರೆ ಮೊದಲ ಮಷೀನಿನ ರಿಸೀವರ್ ಬಿಚ್ಚಿ. ಪಾಪೆಟ್ ಪೂರ್ತಿ ಒಳಗೆ ಹೋಗುತ್ತಿಲ್ಲ, ಅಥವಾ ಅದರ ಹಿಂದೆ ಏನೋ ಅಡ್ಡ ಇದೆ. ಒಂದು ಸಲ ನನಗೆ ಅಲ್ಲಿ ಸಿಕ್ಕಿದ್ದು ಬನಿಯನ್ ವೇಸ್ಟಿನ ಉಂಡೆ. ಹಿಂದಿನ ರಿಪೇರಿಯಲ್ಲಿ ಧೂಳು ಹೋಗದಿರಲಿ ಅಂತ ತುರುಕಿದವರು ತೆಗೆಯಲು ಮರೆತಿದ್ದರು.

ಆ ಸೈಕಲ್ ಟ್ಯೂಬಿನ ರಾತ್ರಿ

ಒಂದು ಮೇ ತಿಂಗಳಲ್ಲಿ ನಡೆದದ್ದು. ಎಕ್ಸ್‌ಕವೇಟರ್ ಒಂದಕ್ಕೆ ನಾಲ್ಕು ದಿನದಿಂದ ಡೀಸೆಲ್ ಪೂರ್ತಿ ಹಿಡಿಯುತ್ತಿರಲಿಲ್ಲ. ನೂರೈವತ್ತು ನೂರರವತ್ತಕ್ಕೆ ಕಟ್. ರಾತ್ರಿ ಶಿಫ್ಟಿನ ಹುಡುಗನಿಗೆ ಬೌಸರ್ ಹೊಸದು, ಕೆಲಸ ಬೇಗ ಮುಗಿಸು ಅನ್ನುವ ಅವಸರ ಬೇರೆ. ಲಿವರ್ ವಾಪಸ್ ಬರದ ಹಾಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿದ.

ಬೆಳಿಗ್ಗೆ ನಾನು ಹೋದಾಗ ಟ್ಯಾಂಕಿನ ವೆಲ್ಡಿಂಗ್ ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಪಕ್ಕದ ತಗಡು ಹೊಟ್ಟೆ ಬಂದ ಹಾಗೆ ಉಬ್ಬಿತ್ತು. ಕೆಳಗಿನ ಕೆಂಪು ಮಣ್ಣು ಡೀಸೆಲ್ ಕುಡಿದು ಕಪ್ಪಾಗಿತ್ತು. ಯಾರಿಗೂ ಏಟಾಗಿರಲಿಲ್ಲ. ಅದು ಅದೃಷ್ಟ ಅಷ್ಟೇ.

10 ಪಿಎಸ್‌ಐ ಅಂದರೆ ಕಾರಿನ ಟಯರ್ ಗಾಳಿಯ ಮೂರನೇ ಒಂದು ಭಾಗ, ಏನು ಮಹಾ ಅನಿಸಬಹುದು. ಆದರೆ ಒಂದು ಚದರ ಮೀಟರ್ ತಗಡಿನ ಮೇಲೆ ಅದು ಸುಮಾರು 7 ಟನ್ ತೂಕ ಹೇರಿದ ಹಾಗೆ. ಲಿವರ್ ಕಟ್ಟಿದ ಮೇಲೆ 10ಕ್ಕೂ ನಿಲ್ಲುವುದಿಲ್ಲ, ಪಂಪಿನ ಶಕ್ತಿ ಪೂರ್ತಿ ತಗಡಿನ ಮೇಲೆ ಬೀಳುತ್ತದೆ. ಜೊತೆಗೆ ಅರ್ಧ ಟ್ಯಾಂಕಿನಷ್ಟು ಅಮುಕಿದ ಗಾಳಿ ಒಳಗೆ ಸ್ಪ್ರಿಂಗ್ ಥರ ಕಾಯುತ್ತಿರುತ್ತದೆ.

ಬ್ರೀದರ್ ಬಿಚ್ಚಿದೆ. ಜಾಲರಿ ಕಾಣಿಸಲೇ ಇಲ್ಲ. ಕೆಂಪು ಇಟ್ಟಿಗೆಯ ಚೂರಿನಂಥ ಗಟ್ಟಿ ಪದರ. ವಿಚಾರಿಸಿದರೆ ಐದಾರು ದಿನದ ಹಿಂದೆ ಮಷೀನಿಗೆ ಪ್ರೆಶರ್ ವಾಷಿಂಗ್ ಮಾಡಿದ್ದರು. ಒಣ ಧೂಳು ಜಾಲರಿಯಲ್ಲಿ ಕೂತರೆ ಗಾಳಿ ಹೇಗೋ ಹಾಯುತ್ತದೆ. ನೀರು ಬಿದ್ದು ಕೆಸರಾಗಿ ಬಿಸಿಲಿಗೆ ಒಣಗಿದರೆ ಸಿಮೆಂಟೇ. ಒತ್ತಡ ಹೊರಬಿಡುವ ರಿಲೀಫ್ ದಾರಿಯೂ ಅದೇ ಪದರದ ಕೆಳಗೆ ಹೂತುಹೋಗಿತ್ತು.

ಬೈಸಿಕೊಂಡಿದ್ದು ಆ ಹುಡುಗ. ನನಗೆ ಇವತ್ತಿಗೂ ಅದು ಸರಿ ಅನಿಸುವುದಿಲ್ಲ. ಲಿವರ್ ಯಾಕೆ ತಾನಾಗಿ ವಾಪಸ್ ಬರುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಈ ಬರಹಕ್ಕೆ ಕೂತಿದ್ದೂ ಅವನ ನೆನಪಿನಲ್ಲೇ. ನಿಮ್ಮ ಬೌಸರ್ ಮೇಲೆ ಹೊಸ ಹುಡುಗರು ಬಂದರೆ ಮೊದಲ ದಿನವೇ ಇಷ್ಟು ಹೇಳಿ: ಲಿವರ್ ಬಿದ್ದರೆ ಬಿಡು, ಹಿಡಿಯಬೇಡ, ಕಟ್ಟಬೇಡ, ಕಲ್ಲು ಕೊಡಬೇಡ. ಫೋನ್ ಮಾಡು.

ಬ್ರೀದರ್ ಪರೀಕ್ಷೆ ಮಾಡುವುದು ಹೇಗೆ

ತೆಳು ಹತ್ತಿ ಬಟ್ಟೆಯ ಪಟ್ಟಿ ಒಂದನ್ನು ಬ್ರೀದರ್ ಬಾಯಿಯ ಹತ್ತಿರ ಹಿಡಿದು ಡೀಸೆಲ್ ಬಿಡಿಸಿ. ನಿಮಿಷಕ್ಕೆ 300 ಲೀಟರ್ ಒಳಗೆ ಬರುತ್ತಿದ್ದರೆ ಸೆಕೆಂಡಿಗೆ 5 ಲೀಟರ್ ಗಾಳಿ ಹೊರಗೆ ಬರಲೇಬೇಕು. ಬಟ್ಟೆ ಪಟಪಟ ಹಾರಬೇಕು. ಸುಮ್ನೆ ಅಲುಗಾಡಿದರೆ ಸಾಲದು. ಪ್ಲಾಸ್ಟಿಕ್ ಕವರ್ ಹಿಡಿಯಬೇಡಿ, ಸ್ಟ್ಯಾಟಿಕ್ ಕಿಡಿಯ ಭಯ ಇದೆ.

ಪಕ್ಕಾ ಉತ್ತರ ಬೇಕಾದರೆ ಟ್ಯಾಂಕಿನ ಮೇಲ್ಭಾಗದ ಖಾಲಿ ಪೋರ್ಟಿಗೆ ಒಂದು ಗೇಜ್ ಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 0–10 ಕೆಜಿ ಗೇಜ್ ತರಬೇಡಿ. ಅದರಲ್ಲಿ 0.7 ಅಂದರೆ ಮುಳ್ಳು ಸೊನ್ನೆಯ ಪಕ್ಕದಲ್ಲೇ ಇರುತ್ತದೆ, ಏನೂ ಓದಲಾಗುವುದಿಲ್ಲ. 0–1 ಅಥವಾ 0–1.6 ಕೆಜಿ ಗೇಜ್ ಕೇಳಿ ತನ್ನಿ. ತುಂಬುವಾಗ ಮಟ್ಟ ಮೇಲೆ ಬರುವ ತನಕ ಮುಳ್ಳು ಸೊನ್ನೆಯ ಹತ್ತಿರವೇ ಇರಬೇಕು. ಕೊನೆಯಲ್ಲಿ ಮಾತ್ರ ಸರ್ರನೆ ಏರಿ, ನಾಝಲ್ ಕಟ್ ಆಗಬೇಕು. ಮೊದಲಿನಿಂದಲೇ ಮುಳ್ಳು ಏರುತ್ತಾ ಹೋದರೆ ತಪ್ಪು ಬ್ರೀದರ್‌ದು. ಮುಳ್ಳು ಸೊನ್ನೆಯಲ್ಲಿದ್ದಾಗಲೇ ಕಟ್ ಆದರೆ ನಾಝಲ್ ಅಥವಾ ಪಂಪಿನ ಕಡೆ ಹೋಗಿ. ಈ ಒಂದು ಗೇಜ್ ಇದ್ದರೆ ವಾದವೇ ಇರುವುದಿಲ್ಲ, ಆಪರೇಟರ್ ಮುಂದೆಯೇ ತೋರಿಸಬಹುದು.

ಬ್ರೀದರ್ ತೊಳೆಯುವುದು ಡೀಸೆಲ್‌ನಲ್ಲೇ, ಮೆತ್ತನೆ ಬ್ರಷ್‌ನಲ್ಲಿ. ಕಂಪ್ರೆಸರ್ ಗಾಳಿ ಬಿಡುವುದಾದರೆ ಒಳಗಿನಿಂದ ಹೊರಕ್ಕೆ ಬಿಡಿ. ಹೊರಗಿನಿಂದ ಬಿಟ್ಟರೆ ಧೂಳು ಬಾಲ್ ಕೂರುವ ಸೀಟಿಗೇ ಹೋಗುತ್ತದೆ. ಬಾಲ್ ಅಲುಗಾಡಿಸಿ ನೋಡಿ, ಕಿಲಕಿಲ ಅನ್ನಬೇಕು. ತಂತಿ ತೂರಿಸಿ ಕೆರೆಯಬೇಡಿ.

ಬ್ರೀದರ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಎಂಜಿನ್ ಡೀಸೆಲ್ ಕುಡಿದಷ್ಟೂ ಗಾಳಿ ಒಳಗೆ ಬಿಡಬೇಕು. ಆ ದಾರಿ ಕಟ್ಟಿದರೆ ಮಷೀನ್ ಒಂದೆರಡು ಗಂಟೆ ಚೆನ್ನಾಗಿ ಓಡಿ ಆಮೇಲೆ ಪವರ್ ಕಳೆದುಕೊಳ್ಳುತ್ತದೆ. ಜನ ಡೀಸೆಲ್ ಫಿಲ್ಟರ್ ಬದಲಿಸುತ್ತಾರೆ, ಫೀಡ್ ಪಂಪ್ ಬಿಚ್ಚುತ್ತಾರೆ. ಫಿಲ್ಲರ್ ಕ್ಯಾಪ್ ಸಡಿಲಿಸಿ ನೋಡಿ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡು ಮಷೀನ್ ಮತ್ತೆ ಸರಿಯಾದರೆ ಕಾರಣ ಬ್ರೀದರ್.

ಬ್ರೀದರ್ ಸರಿ ಇದ್ದೂ ತುಸು ಮುಂಚೆ ಕಟ್ ಆಗುವುದಕ್ಕೆ ಇನ್ನೆರಡು ಕಾರಣ. ಮಷೀನ್ ಇಳಿಜಾರಿನಲ್ಲಿ ನಿಂತಿದ್ದರೆ ಬ್ರೀದರ್ ಇರುವ ಕಡೆ ಎಣ್ಣೆ ಬೇಗ ಮುಟ್ಟುತ್ತದೆ. ಸಮ ಜಾಗಕ್ಕೆ ತಂದು ನಿಲ್ಲಿಸಿ. ಇನ್ನೊಂದು ನೊರೆ. ಡೀಸೆಲ್ ಜೋರಾಗಿ ಬಿದ್ದಾಗ ನೊರೆ ಏಳುತ್ತದೆ, ಅದೇ ಬಾಲ್ ಎತ್ತಿಬಿಡುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಹಿಡಿದರೆ ಸರಾಗವಾಗಿ ತುಂಬುತ್ತದೆ.

ಕಟ್ ಆಗುವುದೇ ಇಲ್ಲ

ಇದು ಹೆಚ್ಚು ಅಪಾಯದ ದೋಷ. ಎಣ್ಣೆ ಹೊರಗೆ ಬರುತ್ತಿದೆಯಾ ಅಂತ ಮೊದಲು ನೋಡಿ.

ಬ್ರೀದರ್‌ನಿಂದ ಅಥವಾ ಕ್ಯಾಪ್ ಸುತ್ತ ಡೀಸೆಲ್ ಉಕ್ಕುತ್ತಿದ್ದರೆ ಟ್ಯಾಂಕಿನಲ್ಲಿ ಒತ್ತಡ ನಿಲ್ಲುತ್ತಲೇ ಇಲ್ಲ. ಹಾಗಾದರೆ ನಾಝಲ್‌ಗೆ ಗೊತ್ತಾಗುವುದಾದರೂ ಹೇಗೆ? ಬಾಲ್ ಸೀಟಿನಲ್ಲಿ ಅದಿರಿನ ಹರಳು ಸಿಕ್ಕಿದೆ, ಕ್ಯಾಪಿನ ಗ್ಯಾಸ್ಕೆಟ್ ಹರಿದಿದೆ, ಅಥವಾ ಯಾರೋ ಮಟ್ಟ ನೋಡಿ ಕ್ಯಾಪ್ ಬಿಗಿ ಮಾಡದೆ ಹೋಗಿದ್ದಾರೆ. ಮೂರನೆಯದೇ ನನಗೆ ಜಾಸ್ತಿ ಸಿಕ್ಕಿರುವುದು.

ಎಣ್ಣೆ ಎಲ್ಲೂ ಬರುತ್ತಿಲ್ಲ, ಗೇಜ್ ಮಾತ್ರ 0.8 ದಾಟುತ್ತಿದೆ, ಲಿವರ್ ಬೀಳುತ್ತಿಲ್ಲ ಅಂದರೆ ಆ ಕ್ಷಣವೇ ಪಂಪು ಆಫ್ ಮಾಡಿ. ನಾಝಲ್ ಒಳಗಿನ ಪಿಸ್ಟನ್ ಹಿಡಿದುಕೊಂಡಿದೆ. ಅಂಥ ನಾಝಲನ್ನು ಬೌಸರ್‌ನಿಂದ ಬಿಚ್ಚಿ ಪಕ್ಕಕ್ಕಿಡಿ, ಇನ್ನೊಂದು ಮಷೀನಿಗೆ ಹಾಕಿ ನೋಡುವುದೂ ಬೇಡ.

ತೊಟ್ಟಿಕ್ಕುವುದು

ಹಾಕಿದಾಗ ತೊಟ್ಟಿಕ್ಕಿದರೆ ನಾಝಲ್ ಮುಂಭಾಗದ ಸೀಲ್ ಹೋಗಿದೆ, ಅಥವಾ ರಿಸೀವರ್ ಕಚ್ಚುವ ಅಂಚು ಸವೆದಿದೆ. ನಾಝಲ್ ಹಿಡಿದು ಅಲ್ಲಾಡಿಸಿ, ಆಟ ಜಾಸ್ತಿ ಇದ್ದರೆ ಸವೆತ. ಬಿಚ್ಚಿದ ಮೇಲೆ ತೊಟ್ಟಿಕ್ಕಿದರೆ ಎರಡೂ ಬಾಯಿ ಒರೆಸಿ ಐದು ನಿಮಿಷ ಕಾಯಿರಿ. ಯಾವುದರ ತುದಿಯಲ್ಲಿ ಹನಿ ಕಟ್ಟಿತೋ ಅದರ ಪಾಪೆಟ್ ಕೂರುತ್ತಿಲ್ಲ.

ಪಾಪೆಟ್ ಕೆಡುವುದಕ್ಕೆ ನಮ್ಮಲ್ಲಿ ಮುಖ್ಯ ಕಾರಣ ಧೂಳು. ಹೆಮಟೈಟ್ (ಕಬ್ಬಿಣದ ಅದಿರು) ಧೂಳು ಮೆತ್ತಗಿನದಲ್ಲ, ರಬ್ಬರನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಆಷಾಢದ ಗಾಳಿ ಬೀಸುವಾಗ ಕ್ಯಾಪ್ ಇಲ್ಲದ ರಿಸೀವರ್‌ನಲ್ಲಿ ಒಂದೇ ಶಿಫ್ಟಿನಲ್ಲಿ ಕೆಂಪು ಪದರ ಕೂರುತ್ತದೆ. ನಾಝಲ್ ಹಾಕಿದಾಗ ಆ ಧೂಳೆಲ್ಲ ಸೀಟಿಗೆ. ಹಾಕುವ ಮುಂಚೆ ಎರಡೂ ಮುಖ ಒರೆಸುವುದಕ್ಕೆ ಹತ್ತು ಸೆಕೆಂಡ್ ಸಾಕು.

ಓ-ರಿಂಗ್, ಅಂದರೆ ಸೋರದ ಹಾಗೆ ತಡೆಯುವ ರಬ್ಬರ್ ಬಳೆ, ಅದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕಪ್ಪು ಓ-ರಿಂಗ್ ಎಲ್ಲ ನೋಡಲು ಒಂದೇ. ಅಳತೆ ಸರಿ ಇದೆ ಅಂತ ಸಿಕ್ಕಿದ್ದು ಹಾಕುತ್ತಾರೆ. ಡೀಸೆಲ್‌ಗೆ ನೈಟ್ರೈಲ್ ರಬ್ಬರ್ ಇರಬೇಕು, ಬಿಸಿ ಜಾಸ್ತಿ ಇದ್ದರೆ ವೈಟಾನ್ ರಬ್ಬರ್. ನೀರಿನ ಲೈನಿಗೆ, ಬ್ರೇಕ್ ಆಯಿಲ್‌ಗೆ ಬಳಸುವ ಇಪಿಡಿಎಂ ರಬ್ಬರ್ ಡೀಸೆಲ್ ಕುಡಿದು ಊದಿಕೊಳ್ಳುತ್ತದೆ. ಊದಿದ ರಿಂಗ್ ಪಾಪೆಟನ್ನು ಬಿಗಿಯಾಗಿ ಹಿಡಿಯುತ್ತದೆ, ಆಮೇಲೆ ಹರಿಯುತ್ತದೆ. ಲಿವರ್ ದಿನೇದಿನೇ ಬಿಗಿಯಾಗುತ್ತಿದೆ ಅಂದರೆ ಇದೇ ಅನುಮಾನ. ಪರೀಕ್ಷೆ ಬಹಳ ಸುಲಭ. ಹೊಸ ರಿಂಗಿನ ದಪ್ಪ ವರ್ನಿಯರ್‌ನಲ್ಲಿ ಅಳೆದು, ಒಂದು ಲೋಟ ಡೀಸೆಲ್‌ನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಮತ್ತೆ ಅಳೆಯಿರಿ. ಕಣ್ಣಿಗೇ ಕಾಣುವಷ್ಟು ದಪ್ಪ ಆಗಿದ್ದರೆ ಆ ಪ್ಯಾಕೆಟ್ಟೇ ಬೇಡ.

ಬಂದು ಸೇರದ ನಾಝಲನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸುವುದನ್ನು ನೋಡಿದ್ದೇನೆ. ಒಂದೇ ಏಟಿಗೆ ಮುಖ ಓರೆಯಾಗುತ್ತದೆ, ಆಮೇಲೆ ಯಾವ ಸೀಲೂ ನಿಲ್ಲುವುದಿಲ್ಲ.

ಮಧ್ಯಾಹ್ನ ಮಾತ್ರ ಸೋರುತ್ತದೆ

ಬೇಸಿಗೆಯಲ್ಲಿ ಬರುವ ದೂರು ಇದು. ಬೆಳಗಿನ ಜಾವ ತುಂಬಿದ ಟ್ಯಾಂಕು ಮಧ್ಯಾಹ್ನ ಬ್ರೀದರ್‌ನಿಂದ ಹನಿ ಬಿಡುತ್ತದೆ. ಡೀಸೆಲ್ ಬಿಸಿಯಾದರೆ ಹಿಗ್ಗುತ್ತದೆ. 400 ಲೀಟರ್ ಡೀಸೆಲ್ 25 ಡಿಗ್ರಿಯಿಂದ 40ಕ್ಕೆ ಬಂದರೆ ಸುಮಾರು 5 ಲೀಟರ್ ಜಾಸ್ತಿ ಆಗುತ್ತದೆ. ಅದಕ್ಕೆ ಜಾಗ ಬೇಕಲ್ವಾ? ನಾಝಲ್ ಕಟ್ ಆದ ಮೇಲೆ ಲಿವರ್ ಮತ್ತೆ ಮತ್ತೆ ಎತ್ತಿ ಕಂಠಪೂರ್ತಿ ತುಂಬಿಸುವವರ ಮಷೀನಿನಲ್ಲೇ ಈ ತೊಂದರೆ. ಕಟ್ ಆದಲ್ಲಿಗೆ ನಿಲ್ಲಿಸಿದರೆ ಬಿಡಿ ಭಾಗ ಏನೂ ಬದಲಿಸಬೇಕಿಲ್ಲ.

ಒತ್ತಡ ಇಲ್ಲದ ವ್ಯವಸ್ಥೆ

ಕೆಲವು ಮಷೀನುಗಳಲ್ಲಿ ಟ್ಯಾಂಕಿನೊಳಗೇ ಫ್ಲೋಟ್ ವಾಲ್ವ್ ಇರುತ್ತದೆ. ಮಟ್ಟ ತಲುಪಿದಾಗ ಅದು ಎಣ್ಣೆಯ ದಾರಿಯನ್ನೇ ಮುಚ್ಚುತ್ತದೆ. ಒತ್ತಡ ಏರುವುದು ಹೋಸ್‌ನಲ್ಲಿ, ಟ್ಯಾಂಕಿನಲ್ಲಿ ಅಲ್ಲ. ನಾಝಲ್ ಅದನ್ನು ತಿಳಿದು ಬೀಳುತ್ತದೆ. ತಗಡಿಗೆ ತ್ರಾಸವೇ ಇಲ್ಲ. ಹಳೆಯ ಟ್ಯಾಂಕು, ಒಂದೆರಡು ಸಲ ವೆಲ್ಡಿಂಗ್ ಆದ ಟ್ಯಾಂಕು ಇದ್ದರೆ ಇದನ್ನೇ ಹಾಕಿಸಿ ಅಂತ ನಾನು ಹೇಳುವುದು. ಹಾಗಂತ ಬ್ರೀದರ್ ಮರೆಯುವ ಹಾಗಿಲ್ಲ, ಗಾಳಿ ಇಲ್ಲೂ ಹೊರಗೆ ಹೋಗಲೇಬೇಕು. ಈ ಜಾತಿಯದು ಕಟ್ ಆಗದಿದ್ದರೆ ಫ್ಲೋಟಿನ ಪೈಲಟ್ ಲೈನಿನ (ವಾಲ್ವ್ ಮುಚ್ಚಿಸುವ ಸಣ್ಣ ದಾರಿ) ಸಣ್ಣ ತೂತುಗಳು ಕೊಳೆಯಿಂದ ಮುಚ್ಚಿವೆಯಾ ನೋಡಿ.

ರಿಪೇರಿ ಆದ ಮೇಲೆ ಒಂದೇ ಸಲ ತುಂಬಿ ನೋಡಿ ಹೊರಡಬೇಡಿ. ಮೂರು ಸಲದ ಲೆಕ್ಕ ಬೇಕು: ಮುಂಚೆ ಎಷ್ಟಿತ್ತು, ಎಷ್ಟಕ್ಕೆ ಕಟ್ ಆಯಿತು, ಗೇಜ್ ಎಷ್ಟು ತೋರಿಸಿತು. ಮೂರರಲ್ಲೂ ಟ್ಯಾಂಕು ಒಂದೇ ಮಟ್ಟಕ್ಕೆ ಬಂದು, ಗೇಜ್ 0.55ರಿಂದ 0.7ರ ಒಳಗೆ ಇದ್ದರೆ ಕೆಲಸ ಮುಗಿಯಿತು. ನಾನು ಆ ಅಂಕಿಗಳನ್ನು ರಿಸೀವರ್ ಪಕ್ಕದ ತಗಡಿನ ಮೇಲೆ ಪೇಂಟ್ ಮಾರ್ಕರ್‌ನಲ್ಲಿ ತಾರೀಖು ಹಾಕಿ ಬರೆದು ಬರುತ್ತೇನೆ. ಮುಂದಿನ ಸಲ ಫೋನ್ ಬಂದಾಗ ಹುಡುಗ ಅದನ್ನೇ ಓದಿ ಹೇಳುತ್ತಾನೆ.